ಕೋಡಿಯ ಹಲಗೆ

ನೇರಲಕೊಪ್ಪ
೨೯ ಜೂನ್ ೧೯೫೮

ಗೆಳೆಯ ದಾದಾಸಾಬನಿಗೆ ಅಂದಾನಪ್ಪನ ಶರಣು.

ಮುಂದೆ ಓದುವ ಮೊದಲು ಬಾಯಿಗೆ ಒಂದು ಚೂರು ಬೆಲ್ಲ ಹಾಕಿಕೋ. ನಮ್ಮ ಕೆರೆ ಕೋಡಿ ಬಿತ್ತು. ಅದೂ ಆರಿದ್ರಾ ಮಳೆಗೆ. ನನ್ನ ಅಜ್ಜನ ಕಾಲದಿಂದಲೂ ಪುಷ್ಯ ಮಳೆಯವರೆಗೆ ನಮ್ಮನ್ನು ಕಾಯಿಸಿ ಸತಾಯಿಸುತ್ತಿದ್ದ ಕೆರೆ ಇದು. ಈ ಸಲ ಕೂರಿಗೆ ತೊಳೆದಿಡುವುದರೊಳಗೆ ತುಂಬಿ ಹೊರಚೆಲ್ಲಿತು. ಹೆಂಗಸರೆಲ್ಲ ಹೋಗಿ ಕೋಡಿಯಲ್ಲಿ ಗಂಗವ್ವನಿಗೆ ಉಡಿ ತುಂಬಿ ಬಂದರು. ನಿನ್ನ ತಂಗಿ ಬಿಸ್ಮಿಲ್ಲಾ ಮನೆಮನೆಗೆ ಸಕ್ಕರೆ ಹಂಚಿದಳು.

ಊರಿನ ಹಿರಿಯರು ದೈವ ಒಲಿಯಿತು ಎನ್ನುತ್ತಾರೆ. ನನ್ನ ಲೆಕ್ಕ ಬೇರೆ. ಕರಡಿಗುಡ್ಡದ ನೆತ್ತಿಯ ಕಾಡನ್ನು ಅರಣ್ಯ ಇಲಾಖೆಯವರು ಕೂಪಿನ ಹರಾಜಿಗೆ ಹಾಕಿ ಕಡಿಸಿದರಲ್ಲ, ಆ ಮರಗಳನ್ನು ನಿನ್ನ ಲಾರಿ ಹೊತ್ತಿತಲ್ಲ, ಇದು ಅದರ ಫಲ. ಅಷ್ಟು ಮರ ಬೇರು ಚಾಚಿ ಕುಡಿಯುತ್ತಿದ್ದ ನೀರೆಲ್ಲ ಈಗ ಸೀದಾ ನಮ್ಮ ಕೆರೆಗೆ ಇಳಿಯುತ್ತಿದೆ. ಪುಣ್ಯಾತ್ಮ, ನಿನ್ನ ಲಾರಿಗೂ ಒಂದು ಕಾಯಿ ಒಡೆಸಬೇಕು.

ಇನ್ನೊಂದು ಸುಖ ಕೇಳು. ಈ ಬೇಸಿಗೆ ಕೆರೆಯ ಹೂಳಿನ ಗೋಡು ಹೊರಲು ಯಾರೂ ಬಂಡಿ ಕಟ್ಟಲಿಲ್ಲ. ಹಿಂದೆ ಯುಗಾದಿ ಕಳೆದ ಮೇಲೆ ಪ್ರತಿ ಮನೆಯ ಬಂಡಿ ಕೆರೆಗೆ ಇಳಿದು ಕಪ್ಪು ಗೋಡನ್ನು ಹೊಲಕ್ಕೆ ಹೊರಲೇಬೇಕಿತ್ತು. ಇಳಿಯದ ಮನೆಗೆ ತೂಬಿನ ನೀರು ಎಲ್ಲರಿಗಿಂತ ಕೊನೆಗೆ. ಈಗ ಸರಕಾರದ ಬಿಳಿ ಗೊಬ್ಬರ ಚೀಲದಲ್ಲಿ ಬರುತ್ತದೆ. ಉಪ್ಪು ಚೆಲ್ಲಿದ ಹಾಗೆ ಚೆಲ್ಲಿದರೆ ಮುಗಿಯಿತು. ಎತ್ತುಗಳೂ ನನ್ನ ಸೊಂಟವೂ ಮೈಸೂರು ಸರಕಾರವನ್ನು ಹರಸುತ್ತಿವೆ.

ನಿನ್ನವ,
ಅಂದಾನಪ್ಪ


ಯಲ್ಲಾಪುರ
೧೭ ಜುಲೈ ೧೯೫೮

ಅಂದಾನಪ್ಪನಿಗೆ ದಾದಾಸಾಬನ ಸಲಾಂ.

ಬೆಲ್ಲ ತಿಂದೆ. ನಿನ್ನ ಪತ್ರ ಶಿರಸಿ ಸುತ್ತಿ ಇಲ್ಲಿಗೆ ಬರುವಷ್ಟರಲ್ಲಿ ಕೋಡಿಯ ನೀರು ಸಮುದ್ರ ಸೇರಿರಬೇಕು. ಗುಡ್ಡದ ಆ ಮಗ್ಗುಲಿಗೆ ನೀನು, ಈ ಮಗ್ಗುಲಿಗೆ ನಾನು. ಹಕ್ಕಿಗೆ ಒಂದೇ ಹಾರಾಟದ ದಾರಿ, ಟಪಾಲಿಗೆ ಮಾತ್ರ ಎರಡು ತಾಲೂಕಿನ ಪ್ರದಕ್ಷಿಣೆ. ನೆತ್ತಿಯ ಮೇಲೆ ಹುಟ್ಟುವ ಹಳ್ಳವೇ ನಮ್ಮಿಬ್ಬರಿಗಿಂತ ಜಾಣ, ಯಾರನ್ನೂ ಕೇಳದೆ ನೆಟ್ಟಗೆ ನಿನ್ನ ಕೆರೆಗೆ ಇಳಿಯುತ್ತದೆ.

ಮಳೆಗಾಲಕ್ಕೆ ಕೂಪಿನ ಕೆಲಸ ನಿಂತಿದೆ. ಕೊನೆಯ ಲೋಡು ಇಳಿಸುವಾಗ ಆ ಹಳ್ಳ ನೋಡಿದೆ. ಕಾವಿ ಕಲಸಿದಂತೆ ಕೆಂಪಾಗಿತ್ತು. ಹೊಸ ನೀರು ಹಾಗೆಯೇ ಇರುತ್ತದೆ ಎಂದು ಕ್ಲೀನರ್ ಹೇಳಿದ. ಇರಬಹುದು.

ಬಿಸ್ಮಿಲ್ಲಾಳ ಕಡೆಗೆ ಕಣ್ಣಿರಲಿ. ಅವಳ ಗಂಡ ಗಾದಿ ತುಂಬುತ್ತ ಊರೂರು ತಿರುಗುವವನು, ಮನೆಯಲ್ಲಿ ನಿಲ್ಲುವುದು ಕಡಿಮೆ. ಅವಳ ಹಿತ್ತಿಲ ಗೋಡೆಗೂ ಕೆರೆಯ ಏರಿಗೂ ನಡುವೆ ಒಂದು ಎಮ್ಮೆ ಹಾಯುವಷ್ಟೇ ಜಾಗ. ಸಂಬಂಧ ಕುದುರಿಸಿದವನು ನೀನು. ಏರಿಯ ಕೆಳಗಿನ ಮನೆಗೆ ತಂಗಿಯನ್ನು ಕೊಡಲು ನಾನು ಹಿಂದೆಮುಂದೆ ನೋಡಿದಾಗ, 'ಏರಿ ನಂದು, ತಂಗಿ ನಿಂದು, ಎರಡೂ ನಾ ನೋಡ್ಕೋತೀನಿ' ಎಂದು ನೀನೇ ಹೇಳಿದ್ದೆ. ಆ ಮಾತಿನ ಮೇಲೆ ನಾನು ಇಲ್ಲಿ ನಿದ್ದೆ ಮಾಡುತ್ತೇನೆ.

ದಾದಾಸಾಬ


ನೇರಲಕೊಪ್ಪ
೧೨ ಫೆಬ್ರವರಿ ೧೯೫೯

ದಾದಾಸಾಬ,

ನೀನು ಕ್ಷೇಮ ಎಂದು ಭಾವಿಸುತ್ತೇನೆ. ನಾನು ಅಲ್ಲ.

ಕೆರೆ ಬತ್ತಿತು. ಇನ್ನೂ ಶಿವರಾತ್ರಿ ಬಂದಿಲ್ಲ, ನಡುಕೆರೆಯಲ್ಲಿ ದನ ಮಲಗುತ್ತಿವೆ. ಆರಿದ್ರಾಕ್ಕೆ ಕೋಡಿ ಬಿದ್ದ ಕೆರೆ ಇದು. ತುಂಬಿದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಅಷ್ಟು ನೀರು ಎಲ್ಲಿ ಹೋಯಿತು? ಕಬ್ಬು ಸುರುಳಿ ಸುತ್ತುತ್ತಿದೆ. ಮುಂಜಾನೆ ಎದ್ದು ಅದರ ಮುಖ ನೋಡಲು ಮನಸ್ಸಾಗುವುದಿಲ್ಲ.

ನೀರು ಕದ್ದಿದ್ದಾರೆ. ತೂಬು ಕಾಯುವುದು ನೀರಗಂಟಿ ಹುಚ್ಚನ ಕೆಲಸ; ಅವನಿಗೆ ಗೊತ್ತಿಲ್ಲದೆ ಕೆರೆಯಿಂದ ಒಂದು ಕೊಡ ನೀರೂ ಹೋಗುವುದಿಲ್ಲ. ಪಂಚರ ಮುಂದೆ ನಿಲ್ಲಿಸಿ ಕೇಳಿದೆ. 'ನಾ ಯಾರಿಗೂ ಬಿಟ್ಟಿಲ್ರೀ ಗೌಡ್ರ, ಗಂಗವ್ವನ ಆಣಿ' ಎಂದ. ಅದನ್ನೇ ನಾಲ್ಕು ಸಲ ಹೇಳಿದ. ತೂಬಿನ ಕೀಲಿ ಕಸಿದುಕೊಂಡು ಕಳಿಸಿದೆ. ಅವನ ಅಪ್ಪನೂ ನಮ್ಮ ಕೆರೆಗೆ ನೀರಗಂಟಿಯಾಗಿದ್ದವನು. ಪಾರ್ವತವ್ವ ಅಂದಿನಿಂದ ನನ್ನ ತಾಟಿಗೆ ರೊಟ್ಟಿ ಹಾಕುವಾಗ ಮಾತಾಡುವುದಿಲ್ಲ. ಹೆಂಡತಿ ಸಿಟ್ಟಾದರೆ ರೊಟ್ಟಿಯಾದರೂ ಸಿಗುತ್ತದೆ, ಕೆರೆ ಸಿಟ್ಟಾದರೆ ಅದೂ ಇಲ್ಲ.

ಗುಡ್ಡದ ಮೇಲೆ ಹಳ್ಳ ಹರಿಯುತ್ತಿದೆಯೇ? ಹೋಳಿಯವರೆಗೆ ಒಂದು ಎಳೆಯಷ್ಟಾದರೂ ನೀರು ಇಳಿದು ಬರುತ್ತಿತ್ತು. ನೀನು ದಿನವೂ ಅಲ್ಲಿಗೆ ಹೋಗುವವನು, ನೋಡಿ ಬರೆ.

ಅಂದಾನಪ್ಪ


ಯಲ್ಲಾಪುರ
೩ ಮಾರ್ಚ್ ೧೯೫೯

ಅಂದಾನಪ್ಪನಿಗೆ ಸಲಾಂ.

ಕಬ್ಬಿನ ಸುದ್ದಿ ಓದಿ ಕಸಿವಿಸಿಯಾಯಿತು. ಇಲ್ಲಿಯೂ ಬಿಸಿಲು ಜೋರು. ಈ ವರ್ಷ ಎಲ್ಲ ಕಡೆಯೂ ಹೀಗೆಯೇ ಇರಬೇಕು. ಹಳ್ಳದ ಬಗ್ಗೆ ನೀನು ಕೇಳಿದ್ದೆ. ನಾವೀಗ ಗುಡ್ಡದ ಇನ್ನೊಂದು ಬದಿಯಲ್ಲಿ ಲೋಡು ತುಂಬುತ್ತಿದ್ದೇವೆ, ಆ ಕಡೆ ಹೋಗುವುದು ಅಪರೂಪ.

ಹುಚ್ಚನನ್ನು ಮತ್ತೆ ಕರೆಸಿಕೋ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಹತ್ತುವುದಿಲ್ಲ. ನಾವು ಬನವಾಸಿಯ ಶಾಲೆಗೆ ಹೋಗುತ್ತಿದ್ದಾಗ ನಮ್ಮಿಬ್ಬರನ್ನೂ ಹೆಗಲ ಮೇಲೆ ಹೊತ್ತು ಕೋಡಿ ದಾಟಿಸುತ್ತಿದ್ದವನು ಅವನ ಅಪ್ಪ.

ಮತ್ತೇನೋ ಬರೆಯಬೇಕೆಂದು ಕುಳಿತಿದ್ದೆ. ಇನ್ನೊಮ್ಮೆ ಬರೆದೇನು.

ದಾದಾಸಾಬ


ನೇರಲಕೊಪ್ಪ
೨೦ ಏಪ್ರಿಲ್ ೧೯೫೯

ದಾದಾಸಾಬ,

ಒಂದು ಉಪಕಾರ ಆಗಬೇಕು. ನಿಮ್ಮ ಡಿಪೋದಲ್ಲಿ ಮರ ಸೀಳಿದಾಗ ಉಳಿಯುವ ದಪ್ಪ ಹಲಗೆಗಳಿರುತ್ತವಲ್ಲ, ಸಿಪ್ಪೆ ಸಮೇತ ಇದ್ದರೂ ಪರವಾಗಿಲ್ಲ. ಮತ್ತಿಯದೋ ಹೊನ್ನೆಯದೋ, ನೀರಿಗೆ ಕೊಳೆಯದಂಥದ್ದು ಬೇಕು. ದನದ ಕೊಟ್ಟಿಗೆ ಹೊಸದಾಗಿ ಕಟ್ಟಿಸುತ್ತಿದ್ದೇನೆ. ಶಿರಸಿ ಕಡೆ ಬರುವ ಲಾರಿಯಲ್ಲಿ ಕಳಿಸು.

ಈ ಸಲ ಕೆರೆಯ ಚಿಂತೆ ಇಲ್ಲ. ವ್ಯವಸ್ಥೆ ಮಾಡಿದ್ದೇನೆ. ಬಿಸ್ಮಿಲ್ಲಾ ಮಕ್ಕಳೊಂದಿಗೆ ಸುಖವಾಗಿದ್ದಾಳೆ.

ಅಂದಾನಪ್ಪ


ಯಲ್ಲಾಪುರ
೨೪ ಜೂನ್ ೧೯೫೯

ಅಂದಾನಪ್ಪ,

ಬಕ್ರೀದಿಗೆ ತಂಗಿಯ ಮನೆಗೆ ಬಂದಿದ್ದೆ. ನೀನು ಶಿರಸಿಯ ಸಂತೆಗೆ ಹೋಗಿದ್ದೆಯಂತೆ. ಒಳ್ಳೆಯದೇ ಆಯಿತು. ಎದುರಿಗೆ ಸಿಕ್ಕಿದ್ದರೆ ಈ ಪತ್ರದಲ್ಲಿ ಬರೆಯುವುದಕ್ಕಿಂತ ಕೆಟ್ಟ ಮಾತು ಬಾಯಿಂದ ಬರುತ್ತಿತ್ತು.

ಊಟವಾದ ಮೇಲೆ ಬಿಸ್ಮಿಲ್ಲಾ ನನ್ನನ್ನು ಕರೆದುಕೊಂಡು ಏರಿಯ ಮೇಲೆ ನಡೆದಳು. ಕೋಡಿಯ ಹತ್ತಿರ ನಿಂತು, 'ಅಣ್ಣಾ, ಈ ಹಲಗಿ ನಿನ್ನ ಲಾರ್‍ಯಾಗ ಬಂದಾವ ಹೌದಿಲ್ಲ? ಗೌಡ್ರ ಕೊಟಗಿ ಎಲ್ಲೈತಿ ನೋಡು' ಎಂದಳು. ನೋಡಿದೆ. ಕೋಡಿಯ ಬಾಯಿಗೆ ಎರಡು ಸಾಲು ಗೂಟ ಬಡಿದು, ನನ್ನ ಹಲಗೆ ಹಾಕಿ, ನಡುವೆ ಮಣ್ಣು ತುಂಬಿ ಗೋಡೆ ಎಬ್ಬಿಸಿದ್ದೀರಿ. ಎದೆಯೆತ್ತರ. ಕೆರೆ ಇನ್ನಷ್ಟು ಹಿಡಿಯಲಿ ಎಂದು. ಅಷ್ಟೇ ಅಲ್ಲ. ಕೋಡಿಯ ನೀರು ಹರಿಯುವ ಹಳ್ಳದಲ್ಲಿ ಭತ್ತ ಮೊಳೆತಿದೆ. ಆ ಗದ್ದೆ ಯಾರದು ಎಂದು ಕೇಳಿದೆ. ನನ್ನ ತಂಗಿ ನಿನ್ನ ಮನೆಯ ಕಡೆ ನೋಡಿದಳು.

ಬರುವ ಮುಂಚೆ, 'ಮಳಿ ಹತ್ತಿದ ರಾತ್ರಿ ನಾ ಹುಡುಗ್ರನ್ನ ಹಿತ್ತಲ ಕಡೆ ಮಲಗಸಂಗಿಲ್ಲಣ್ಣ' ಎಂದಳು. ದೂರು ಹೇಳಿದ ದನಿಯೂ ಅಲ್ಲ. ಮನೆವಾರ್ತೆ ಹೇಳಿದ ಹಾಗೆ ಹೇಳಿದಳು.

ನಾನು ಬರೆಯದೆ ಬಿಟ್ಟದ್ದನ್ನೂ ಈಗ ಬರೆಯುತ್ತೇನೆ. ಗುಡ್ಡದ ನೆತ್ತಿಯ ಒರತೆ ಕಳೆದ ಡಿಸೆಂಬರಿಗೇ ಬತ್ತಿತು. ನಮ್ಮ ಲಾರಿಗಳು ರೇಡಿಯೇಟರಿಗೆ ನೀರು ತುಂಬುತ್ತಿದ್ದದ್ದೇ ಅಲ್ಲಿ. ಈಗ ಯಲ್ಲಾಪುರದಿಂದ ಡಬ್ಬದಲ್ಲಿ ಒಯ್ಯುತ್ತೇವೆ. ಬರೆದರೆ ನೀನು ಕೂಪಿಗೆ ತಕರಾರು ತೆಗೆದೀಯ, ನನ್ನ ಬಾಡಿಗೆ ನಿಂತೀತು ಎಂದು ಸುಮ್ಮನಿದ್ದೆ. ಹುಚ್ಚ ನೀರು ಕದ್ದಿಲ್ಲ. ಮರ ನೀರು ಕುಡಿಯುತ್ತಿತ್ತು ಎಂದೆಯಲ್ಲ, ಕುಡಿದು ಬೇಸಿಗೆಗೆ ಇಷ್ಟಿಷ್ಟೇ ಬಿಡುತ್ತಿತ್ತು. ಈಗ ಹಿಡಿಯುವವರಿಲ್ಲ, ಎಲ್ಲವೂ ಒಂದೇ ಸಲ ಇಳಿಯುತ್ತದೆ, ಮಣ್ಣನ್ನೂ ತರುತ್ತದೆ. ನಿನ್ನ ಕೆರೆ ಬೇಗ ತುಂಬಿದ್ದು ನೀರು ಹೆಚ್ಚಾಗಿ ಅಲ್ಲ. ಅರ್ಧ ಕೆರೆ ಮಣ್ಣಾಗಿದೆ. ಗೋಡು ತೆಗೆಯುವುದನ್ನೂ ನೀವು ಬಿಟ್ಟಿರಿ.

ಮೊದಲ ಜೋರು ಮಳೆಗೆ ಮುಂಚೆ ಆ ಹಲಗೆ ಕಿತ್ತು ಹಾಕು.

ದಾದಾಸಾಬ


ನೇರಲಕೊಪ್ಪ
೫ ಜುಲೈ ೧೯೫೯

ದಾದಾಸಾಬರಿಗೆ,

ಪತ್ರ ತಲುಪಿತು. ಓದಿ ನಗು ಬಂತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಗುಡ್ಡ ಬೋಳಿಸಿದವರು ನೀವು, ತಪ್ಪು ನಮ್ಮ ಕೆರೆಯದು. ಒರತೆ ಬತ್ತಿದ್ದನ್ನು ಆರು ತಿಂಗಳು ಹೊಟ್ಟೆಯಲ್ಲಿಟ್ಟುಕೊಂಡು ಈಗ ನನಗೆ ಬುದ್ಧಿ ಹೇಳಲು ಬಂದಿರಿ. ಹುಚ್ಚನನ್ನು ನಾನು ಪಂಚರ ಮುಂದೆ ನಿಲ್ಲಿಸಿದಾಗ ನಿಮ್ಮ ಬಾಯಿಗೆ ಏನಾಗಿತ್ತು?

ಹೌದು, ಹಲಗೆ ಕೇಳುವಾಗ ಸುಳ್ಳು ಹೇಳಿದೆ. ನಿಜ ಹೇಳಿದ್ದರೆ ಕೊಡುತ್ತಿರಲಿಲ್ಲ. ಗೋಡೆ ಒಬ್ಬ ಅಂದಾನಪ್ಪ ಕಟ್ಟಿದ್ದಲ್ಲ, ಊರೇ ನಿಂತು ಕಟ್ಟಿದೆ. ಹಿಂದೆಯೂ ಕೋಡಿಗೆ ಹುಲ್ಲುಹೆಂಟೆ ಇಟ್ಟು ನೀರು ಏರಿಸಿದವರಿದ್ದಾರೆ. ಹಲಗೆ ಕಿತ್ತರೆ ಬರುವ ಬೇಸಿಗೆಗೆ ಮತ್ತೆ ಕಬ್ಬು ಒಣಗುತ್ತದೆ, ಆಗ ಊರಿಗೆ ನೀವು ಡಬ್ಬದಲ್ಲಿ ನೀರು ತಂದುಕೊಡುತ್ತೀರಾ? ಇನ್ನು ಹಳ್ಳದ ಭತ್ತ. ಒಣಗಿ ಬಿದ್ದ ಜಾಗ ಉತ್ತೆ. ರೈತನಾದವನು ಮತ್ತೇನು ಮಾಡುತ್ತಾನೆ? ಅಂಥ ಪೈರು ಊರಲ್ಲೇ ಇನ್ನೊಂದಿಲ್ಲ.

ಏರಿ ಗಟ್ಟಿಯಿದೆ. ನಿಮ್ಮ ತಂಗಿಗೆ ಏನೂ ಆಗುವುದಿಲ್ಲ. ನಾನು ಕೊಟ್ಟ ಮಾತು ನನಗೆ ನೆನಪಿದೆ, ನೆನಪಿಸುವ ಕಷ್ಟ ಬೇಡ.

ಅಂದಾನಪ್ಪ


ಯಲ್ಲಾಪುರ
೧೯ ಜುಲೈ ೧೯೫೯

ಅಂದಾನಪ್ಪ,

ಬಸ್ಸಿನವರ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ, ಟಪಾಲಿಗಿಂತ ಬೇಗ ಮುಟ್ಟಲಿ. ನೀನು ನನ್ನನ್ನು ಬಹುವಚನದಲ್ಲಿ ಬೈದದ್ದಕ್ಕೆ ಆಮೇಲೆ ಜಗಳ ಆಡೋಣ.

ನಿನ್ನೆಯಿಂದ ಮಳೆ ಬಿಟ್ಟಿಲ್ಲ. ಗುಡ್ಡದ ಕಡೆ ಆಕಾಶವೇ ಕಾಣುವುದಿಲ್ಲ. ದಾರಿಯಲ್ಲಿ ಮಣ್ಣು ಕುಸಿದು ನನ್ನ ಲಾರಿ ಈಚೆಯೇ ನಿಂತಿದೆ; ಬಸ್ಸಿನವರು ಆಚೆಯ ಬಸ್ಸಿಗೆ ಕಾಗದ ದಾಟಿಸುತ್ತಾರಂತೆ, ಜನರನ್ನು ಬಿಡುತ್ತಿಲ್ಲ. ಬರಲು ಎರಡು ಸಲ ಹೊರಟು ಹಿಂದಿರುಗಿದೆ. ಇಲ್ಲಿ ಬಿದ್ದ ನೀರು ಈ ಕಾಗದಕ್ಕಿಂತ ಮೊದಲು ನಿನ್ನಲ್ಲಿಗೆ ಬರುತ್ತದೆ.

ನಿನ್ನ ಕಬ್ಬು, ನಿನ್ನ ಭತ್ತ, ನಿನ್ನ ಹಠ, ಎಲ್ಲ ನಿನ್ನ ಹತ್ತಿರವೇ ಇರಲಿ. ಕೈಮುಗಿದು ಕೇಳುತ್ತೇನೆ, ಬಿಸ್ಮಿಲ್ಲಾಳನ್ನೂ ಮಕ್ಕಳನ್ನೂ ನಿನ್ನ ಮನೆಗೆ ಕರೆದುಕೊ. ನನಗೆ ಹೆದರಿಕೆಯಾಗುತ್ತಿದೆ.

ದಾದಾಸಾಬ


ನೇರಲಕೊಪ್ಪ
೩೦ ಜುಲೈ ೧೯೫೯

ದಾದಾಸಾಬ,

ಬಿಸ್ಮಿಲ್ಲಾ ಬದುಕಿದ್ದಾಳೆ. ಮಕ್ಕಳೂ ಚೆನ್ನಾಗಿದ್ದಾರೆ. ಅಷ್ಟು ಓದಿ ಉಸಿರು ಬಿಡು, ಉಳಿದದ್ದು ಆಮೇಲೆ.

ನಿನ್ನ ಕಾಗದ ಬಂದದ್ದು ಎಲ್ಲ ಮುಗಿದ ಮೇಲೆ. ಬಸ್ಸು ವರದಾ ನದಿಯ ಆಚೆ ನಿಂತಿತ್ತಂತೆ.

ಪುಷ್ಯ ಮಳೆ ಹಿಡಿದ ಮೂರನೆಯ ದಿನ ಕೆರೆ ನನ್ನ ಗೋಡೆಯ ಅಂಚಿಗೆ ಬಂತು. ಮುಂಜಾನೆ ಬಿಸ್ಮಿಲ್ಲಾಳ ಹಿತ್ತಿಲಲ್ಲಿ, ಏರಿಯ ಬುಡದಿಂದ ನೀರು ಜಿನುಗುತ್ತಿದೆ ಎಂದು ಸುದ್ದಿ ಬಂತು. ಹೋಗಿ ನೋಡಿದೆ, ತಿಳಿನೀರು. ತಿಳಿ ಇರುವವರೆಗೆ ಭಯವಿಲ್ಲ ಎಂದುಕೊಂಡೆ. ಉಣ್ಣುವ ಹೊತ್ತಿಗೆ ಮತ್ತೆ ನೋಡಿದೆ. ರಾಡಿ ಬರುತ್ತಿತ್ತು. ಏರಿ ಒಳಗಿನಿಂದ ಕರಗತೊಡಗಿತ್ತು.

ಒಳಗೆ ಓಡಿದೆ. ಅವಳು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. 'ತಂಗೀ, ಏಳು, ಹುಡುಗ್ರನ್ನ ಕರಕೊಂಡು ನಮ್ಮನಿಗೆ ನಡಿ' ಎಂದೆ. ಮಕ್ಕಳನ್ನು ನನ್ನ ಹಿಂದೆಯೇ ಬಂದಿದ್ದ ಪಾರ್ವತವ್ವನ ಜೊತೆ ಕಳಿಸಿದಳು. ತಾನು ಏಳಲಿಲ್ಲ.

'ನಾ ಬರಂಗಿಲ್ಲಣ್ಣ.'

'ಏರಿ ಒಡದ್ರ ಸಾಯ್ತಿ.'

'ನಾ ಎದ್ದು ಬಂದ್ರ ನೀವು ಹಲಗಿ ಕೀಳಂಗಿಲ್ಲ. ಮನಿ ಖಾಲಿ ಆತು, ಇನ್ನೊಂದಿನ ನೋಡೂಣು ಅಂತೀರಿ. ನಾ ಇಲ್ಲೇ ಕುಂತಿರ್ತೀನಿ.'

ಹಾಗೆಂದು ರೊಟ್ಟಿ ತಿರುವಿ ಹಾಕಿದಳು. ರೊಟ್ಟಿ ಹರಿಯಿತು. ದಾದಾಸಾಬ, ಅವಳು ಹೇಳಿದ್ದು ನಿಜ. ಅವಳ ಮನೆಗೆ ಓಡುವಾಗ ನನ್ನ ತಲೆಯಲ್ಲಿ ಅದೇ ಇತ್ತು. ಇವಳನ್ನು ಎಬ್ಬಿಸಿದರೆ ಸಾಕು, ಸಂಜೆಗೆ ಮಳೆ ಇಳಿದೀತು, ಭತ್ತ ಉಳಿದೀತು. ನನ್ನ ಹೆಂಡತಿಗೂ ಗೊತ್ತಾಗದ್ದನ್ನು ಅವಳು ಒಲೆಯ ಮುಂದೆ ಕುಳಿತು ಓದಿಬಿಟ್ಟಳು. ನನಗೆ ನಾಚಿಕೆಯಾಯಿತು.

ಹಾರೆ ಹಿಡಿದು ಕೋಡಿಗೆ ಓಡಿದೆ. ಅಲ್ಲಿ ಹುಚ್ಚ ಕಂಬಳಿಕೊಪ್ಪೆ ಹಾಕಿಕೊಂಡು ಕುಳಿತಿದ್ದ. ಮುಂಜಾನೆಯಿಂದ ಕುಳಿತಿದ್ದನಂತೆ, ಯಾರೂ ಕರೆದಿರಲಿಲ್ಲ. ನಾನು ಅವನ ಮುಖ ನೋಡಲಾರದೆ ಗೂಟ ನೋಡಿದೆ. ಅವನೇ ಎದ್ದು ಬಂದು ನನ್ನ ಸೊಂಟಕ್ಕೆ ಹಗ್ಗ ಕಟ್ಟಿ, ತುದಿಯನ್ನು ಹುಣಸೆಮರಕ್ಕೆ ಸುತ್ತಿ ಹಿಡಿದ. 'ಮ್ಯಾಲಿನ ಹಲಗಿ ಮೊದಲ ಕೀಳ್ರಿ, ಬುಡಕ್ಕ ಕೈ ಹಾಕಬ್ಯಾಡ್ರಿ' ಎಂದ. ಮೊದಲ ಹಲಗೆ ಕಿತ್ತೆ. ಎರಡನೆಯದು ಅರ್ಧ ಎದ್ದಿತ್ತು, ಅಷ್ಟರಲ್ಲಿ ಉಳಿದದ್ದನ್ನು ನೀರೇ ಕಿತ್ತುಕೊಂಡಿತು. ನನ್ನನ್ನೂ ಎಳೆಯಿತು. ಹುಚ್ಚ ಹಗ್ಗ ಬಿಡಲಿಲ್ಲ.

ಏರಿ ಉಳಿಯಿತು. ಬಿಸ್ಮಿಲ್ಲಾಳ ಹಿತ್ತಿಲ ಗೋಡೆ ಮಾತ್ರ ನೆನೆದು ಮಲಗಿದೆ. ಅದನ್ನು ನಾನೇ ಕಟ್ಟಿಸುತ್ತಿದ್ದೇನೆ. ತೂಬಿನ ಕೀಲಿಯನ್ನು ಪಂಚರ ಮುಂದೆಯೇ ಹುಚ್ಚನಿಗೆ ಕೊಟ್ಟೆ. ತೆಗೆದುಕೊಂಡು ತೂಬಿನ ಕಡೆ ನಡೆದ. ಅವನ ಜಾಗದಲ್ಲಿ ನಾನಿದ್ದರೆ ತೆಗೆದುಕೊಳ್ಳುತ್ತಲೂ ಇರಲಿಲ್ಲ.

ಭತ್ತ ಹೋಯಿತು. ಹೋಗಲಿ, ಮಾಡಿದ್ದುಣ್ಣೋ ಮಹರಾಯ. ಆದರೆ ಅದರ ಜಾಗಕ್ಕೆ ಬಂದದ್ದನ್ನು ನೀನು ನೋಡಬೇಕು. ಹಳ್ಳದಲ್ಲಷ್ಟೇ ಅಲ್ಲ, ಪಕ್ಕದ ನನ್ನ ಹಳೆಯ ಗದ್ದೆಯ ಮೇಲೂ ಮೊಳಕಾಲುದ್ದ ಕೆಂಪು ಗರಸು ಮಣ್ಣು ಹರಡಿದೆ. ಕಪ್ಪು ಗೋಡಾಗಿದ್ದರೆ ಹಬ್ಬ ಮಾಡುತ್ತಿದ್ದೆ. ಇದರಲ್ಲಿ ಹುಲ್ಲೂ ಹುಟ್ಟುವುದಿಲ್ಲ. ಇದು ನಿನ್ನ ಕರಡಿಗುಡ್ಡ, ದಾದಾಸಾಬ. ಮರವನ್ನು ನೀನು ಆ ಕಡೆಯಿಂದ ಒಯ್ದೆ, ಗುಡ್ಡ ಈ ಕಡೆಯಿಂದ ನನ್ನ ಮನೆಗೆ ಬಂತು. ಲಾರಿ ತಗೊಂಡು ಬಾ. ಇದನ್ನು ಎಲ್ಲಿಂದ ಬಂತೋ ಅಲ್ಲಿಗೇ ಒಯ್ದು ಹಾಕು.

ಅಂದಾನಪ್ಪ


ಯಲ್ಲಾಪುರ
೬ ಜೂನ್ ೧೯೬೦

ಅಂದಾನಪ್ಪನಿಗೆ ದಾದಾಸಾಬನ ಸಲಾಂ.

ಕ್ಷೇಮವಾಗಿ ಮುಟ್ಟಿದೆ. ಈ ಬೇಸಿಗೆ ನಿಮ್ಮೂರಲ್ಲಿ ಗೋಡು ಹೊತ್ತು ಬೆನ್ನು ಇನ್ನೂ ನೆಟ್ಟಗಾಗಿಲ್ಲ. ಲಾರಿಯ ಹಲಗೆಗಳ ಸಂದಿಯಲ್ಲಿ ನಿಮ್ಮ ಕೆರೆ ಅಂಟಿಕೊಂಡಿದೆ, ಎಷ್ಟು ತೊಳೆದರೂ ಹೋಗುವುದಿಲ್ಲ. ಕೆಂಪು ಪದರ ಸರಿಸಿದಾಗ ಅಡಿಯಲ್ಲಿ ಹಳೆಯ ಕಪ್ಪು ಗೋಡು ಕಂಡದ್ದು, ಪಾರ್ವತವ್ವ ಅದನ್ನು ಮುಷ್ಟಿಯಲ್ಲಿ ಹಿಡಿದು ಮೂಸಿ ನೋಡಿದ್ದು ನನ್ನ ಕಣ್ಣಿಗೆ ಕಟ್ಟಿದೆ. ನೀನು ಬಂಡಿಯ ಮೇಲೆ ನಿಂತು ಊರಿಗೆಲ್ಲ ಹುಕುಂ ಕೊಡುತ್ತಿದ್ದದ್ದೂ ಕಟ್ಟಿದೆ, ಅದು ಬೇಡವಾಗಿತ್ತು.

ಕೆಟ್ಟ ಸುದ್ದಿ ಮೊದಲು ಹೇಳಿಬಿಡುತ್ತೇನೆ. ಕರಡಿಗುಡ್ಡದ ಉಳಿದ ಕಾಡನ್ನೂ ಕೂಪಿಗೆ ಹಾಕಿದರು. ಬಾಡಿಗೆಗೆ ನನ್ನನ್ನು ಕರೆದರು, ನಾನು ಹೋಗಲಿಲ್ಲ. ಬೇರೆಯವರು ಹೋದರು. ಅವರ ಲಾರಿ ಮರ ತುಂಬಿಕೊಂಡು ದಿನವೂ ನನ್ನ ಮನೆಯ ಮುಂದೆಯೇ ಹಾಯುತ್ತದೆ. ನಾನು ಬಾಡಿಗೆ ಬಿಟ್ಟರೂ ಒಂದು ಮರವೂ ಉಳಿಯಲಿಲ್ಲ. ಖುರ್ಷಿದಾ ನನ್ನ ಹೆಂಡತಿಯಾದ್ದರಿಂದ ಇದನ್ನು ದಿನಕ್ಕೊಮ್ಮೆ ನೆನಪಿಸುತ್ತಾಳೆ.

ಹೊರಡುವ ದಿನ ನಿನ್ನ ಗದ್ದೆಯಿಂದ ಕೆಂಪು ಗರಸು ಒಂದು ಲೋಡು ತುಂಬಿಸಿಕೊಂಡೆನಲ್ಲ, 'ಎಲ್ಲಿಗೆ ಒಯ್ತೀಯೋ ಮಾರಾಯ ಇದನ್ನ' ಎಂದು ನೀನು ಕೇಳಿದೆ. ರಸ್ತೆಯ ಗುಂಡಿಗೆ ಎಂದೆ. ರಸ್ತೆಗೆ ಅಲ್ಲ. ಶಿರಸಿ ಸುತ್ತಿ ಗುಡ್ಡ ಹತ್ತಿಸಿದೆ. ಒಯ್ದು ಹಾಕು ಎಂದು ನೀನು ಬರೆದದ್ದು ಸಿಟ್ಟಿನಲ್ಲಿ ಎಂದು ಗೊತ್ತು. ಆದರೂ ನಿನ್ನ ಆ ಕಾಗದ ಬಂದಾಗಿನಿಂದ ಆ ಮಾತು ನನ್ನ ಎದೆಯಲ್ಲಿ ಕುಳಿತುಬಿಟ್ಟಿತ್ತು. ಒರತೆ ಇದ್ದ ಜಾಗದಲ್ಲಿ ಲಾರಿ ನಿಲ್ಲಿಸಿ, ನಾನೇ ಸಲಿಕೆ ಹಿಡಿದು ಪೂರ್ತಿ ಲೋಡು ಇಳಿಸಿದೆ. ಸುತ್ತಲೂ ಕಡಿದ ಮರಗಳ ಬೊಡ್ಡೆಗಳು. ಇಳಿಸಿದ ಮೇಲೆ ದೂರ ನಿಂತು ನೋಡಿದೆ. ಲಾರಿ ತುಂಬ ತಂದದ್ದು ಗುಡ್ಡದ ಮೇಲೆ ಕಾಣಲೂ ಇಲ್ಲ. ಅಲ್ಲಿಯೇ ಕುಳಿತು ಅತ್ತೆ. ಈ ವಯಸ್ಸಿನಲ್ಲಿ ಇದನ್ನು ನಿನಗಲ್ಲದೆ ಇನ್ಯಾರಿಗೂ ಬರೆಯಲಾರೆ.

ನಿನ್ನೆ ಗುಡ್ಡದ ಮೇಲೆ ಮೊದಲ ಮಳೆ ಹೊಡೆಯಿತು. ಈ ಪತ್ರ ಶಿರಸಿ ಸುತ್ತಿ ಬರುವಷ್ಟರಲ್ಲಿ ನಾನು ಹಾಕಿದ ಮಣ್ಣು ನಿನ್ನ ಕೆರೆ ಮುಟ್ಟಿರುತ್ತದೆ. ಕೋಡಿ ತೆರೆದಿರಲಿ.

ದಾದಾಸಾಬ